ಕುಲುಕಿದರೆ ಸದ್ದು ಬರಬೇಕು

ಈ ಪ್ರಕರಣದಲ್ಲಿ ನನ್ನ ಪಾತ್ರ ಒಂದು ಸ್ಕ್ರೂಡ್ರೈವರ್ ಕೊಟ್ಟದ್ದು ಮಾತ್ರ. ಆದರೂ ಶೆಟ್ಟಿಹಳ್ಳಿಯ ಪಾರ್ಕಿನಲ್ಲಿ ಕೆಲವರು ಇವತ್ತಿಗೂ ನನ್ನನ್ನು ಕಂಡರೆ ನಡಿಗೆಯ ದಿಕ್ಕು ಬದಲಿಸುತ್ತಾರೆ. ಬದಲಿಸಲಿ, ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಅವರ ಸಕ್ಕರೆ ಕಾಯಿಲೆಗೇ ಒಳ್ಳೆಯದು. ನನಗೆ ಷೇರು ಗೀರು ಇಲ್ಲ. ಇರುವ ನಾಲ್ಕು ಕಾಸು ಬ್ಯಾಂಕಿನಲ್ಲಿ ಎಫ್.ಡಿ. ಆಗಿ ನಿದ್ದೆ ಮಾಡುತ್ತಿದೆ, ನಾನೂ ಹಾಗೆಯೇ. ಆದ್ದರಿಂದ ಯಾರ ಕಡೆಗೂ ವಾಲದೆ, ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲವನು ಈ ಬಡಾವಣೆಯಲ್ಲಿ ನಾನೊಬ್ಬನೇ.

ಪಾರ್ಕಿನಲ್ಲಿ ಎರಡು ಸಿಮೆಂಟ್ ಬೆಂಚುಗಳಿವೆ. ಒಂದು ಹೊಂಗೆ ಮರದ ಕೆಳಗೆ, ಇನ್ನೊಂದು ನಲ್ಲಿಯ ಪಕ್ಕ. ಬೆಳಿಗ್ಗೆ ವಾಕಿಂಗ್ ಮುಗಿಸಿದವರು ಇಲ್ಲಿ ಕುಳಿತು ಮೊದಲೆಲ್ಲ ರಾಜಕೀಯ ಮಾತಾಡುತ್ತಿದ್ದರು. ಮೊಬೈಲಿನಲ್ಲೇ ಷೇರು ಕೊಳ್ಳಬಹುದು ಎಂದು ಗೊತ್ತಾದ ಮೇಲೆ ರಾಜಕೀಯ ಬಿಟ್ಟು ನಿಜವಾದ ಜಗಳಕ್ಕೆ ಇಳಿದರು. ಜಗಳ ಎರಡು ಕಂಪನಿಗಳದ್ದು. ಒಂದು ತರಂಗಿಣಿ ಸಿಸ್ಟಮ್ಸ್, ಇನ್ನೊಂದು ನವಸೇತು ನೆಟ್‌ವರ್ಕ್ಸ್. ಎರಡೂ ಮಾಡುವುದು ಒಂದೇ ಸಾಮಾನು. ಆಫೀಸುಗಳಲ್ಲಿ ಎಲ್ಲಾ ಕಂಪ್ಯೂಟರುಗಳ ವೈರು ಬಂದು ಚುಚ್ಚಿಕೊಳ್ಳುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ ಇರುತ್ತದಲ್ಲ, ಹಸಿರು ದೀಪ ಮಿಣಮಿಣ ಎನ್ನುತ್ತಿರುತ್ತದೆ, ಅದು.

ಹೊಂಗೆ ಮರದ ಬೆಂಚು ತರಂಗಿಣಿಯದು. ಅದರ ನಾಯಕರು ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ತರಂಗಿಣಿ ತನ್ನ ಎಲೆಕ್ಟ್ರಾನಿಕ್ ಚಿಪ್ಪನ್ನು ತಾನೇ ತಯಾರಿಸುತ್ತದೆ ಎನ್ನುವುದು ಅವರ ಬ್ರಹ್ಮಾಸ್ತ್ರ. ನಲ್ಲಿ ಪಕ್ಕದ ಬೆಂಚು ನವಸೇತುವಿನದು. ಅದರ ನಾಯಕ ಪೈಪು, ಫಿಟಿಂಗ್ಸ್ ಅಂಗಡಿಯ ಕನಕರಾಜು. ನವಸೇತು ಚಿಪ್ಪನ್ನು ಹೊರದೇಶದಿಂದ ತರಿಸಿ ಸಾಫ್ಟ್‌ವೇರ್ ಮಾತ್ರ ತಾನು ಬರೆಯುತ್ತದೆ. ರಾಗಿ ಯಾರ ಹೊಲದ್ದಾದರೇನು, ಮುದ್ದೆ ಕಟ್ಟುವ ಕೈ ಮುಖ್ಯ ಎನ್ನುತ್ತಿದ್ದ ಕನಕರಾಜು. ಮುಗ್ಗಲು ರಾಗಿ ಕೊಟ್ಟರೆ ಯಾವ ಕೈಯೂ ಮುದ್ದೆ ಕಟ್ಟುವುದಿಲ್ಲ, ನಾಳೆ ಹೊರದೇಶದವರು ರಾಗಿಯನ್ನೇ ಕೊಡದಿದ್ದರೆ ಆ ಕೈಯನ್ನು ಏನು ಮಾಡುತ್ತೀಯ ಎನ್ನುತ್ತಿದ್ದರು ಮೇಷ್ಟ್ರು. ಹೀಗೆ ಎಂಟು ತಿಂಗಳು ನಡೆಯಿತು. ಇಬ್ಬರಲ್ಲಿ ಒಬ್ಬರೂ ಆ ಪೆಟ್ಟಿಗೆಯನ್ನು ಕಣ್ಣಾರೆ ಕಂಡವರಲ್ಲ. ಕಂಡಿದ್ದರೆ ವಾದ ಎಂಟು ತಿಂಗಳು ಬಾಳುತ್ತಿರಲಿಲ್ಲ.

ಕಂಡವನು ಗೋವಿಂದರಾಜು. ನನ್ನ ಪಕ್ಕದ ಮನೆಯವನು, ಊರ್ಡಿಗೆರೆ ಕಡೆಯವನು, ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಹೆಸರು ಬೇಡ. ಅವನ ಟೇಬಲ್ಲಿನ ಹಿಂದೆ ಒಂದು ಸಣ್ಣ ಕೋಣೆ, ಅದರಲ್ಲಿ ಇಡೀ ಕಚೇರಿಯ ನೆಟ್ ಪೆಟ್ಟಿಗೆಗಳು, ಪೆಟ್ಟಿಗೆಗಳು ಬಿಸಿಯಾಗದಿರಲೆಂದು ಸದಾ ಓಡುವ ಎ.ಸಿ. ಆ ಕೋಣೆಯ ಬೀಗದಕೈ ಅವನ ಹತ್ತಿರ ಸೇರಲು ಕಾರಣ ಅವನ ಮೊಸರನ್ನ. ಹೊರಗಿಟ್ಟರೆ ಹನ್ನೆರಡಕ್ಕೇ ಹುಳಿ ಬರುತ್ತಿದ್ದ ಮೊಸರನ್ನ ಆ ಕೋಣೆಯಲ್ಲಿಟ್ಟರೆ ಎರಡು ಗಂಟೆಗೂ ಆಗ ತಾನೇ ಕಲಸಿದ ಹಾಗಿರುತ್ತಿತ್ತು. ಬಾಗಿಲು ಹಾಕಿಕೊಂಡು ಅಲ್ಲೇ ಊಟವನ್ನೂ ಮಾಡುತ್ತಿದ್ದ. ನೆಟ್ ಕೈಕೊಟ್ಟಾಗ ಎಲ್ಲರೂ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಎದ್ದು ಹೋಗಿ ಪ್ಲಗ್ ಕಿತ್ತು, ಹತ್ತರವರೆಗೆ ಎಣಿಸಿ, ಮತ್ತೆ ಚುಚ್ಚುತ್ತಿದ್ದ. ಅವನ ತಾಂತ್ರಿಕ ಜ್ಞಾನದ ಆದಿಯೂ ಇದೇ, ಅಂತ್ಯವೂ ಇದೇ.

ಮಾರ್ಚ್ ತಿಂಗಳ ಒಂದು ಸೋಮವಾರ ಎರಡು ಬೆಂಚುಗಳ ವಾದ ಏರಿ, ಮೇಷ್ಟ್ರು ತಮ್ಮ ಊರುಗೋಲಿನಿಂದ ನೆಲದ ಮೇಲೆ ಚಿಪ್ಪಿನ ಚಿತ್ರ ಬರೆಯುತ್ತಿದ್ದಾಗ, ಬದಿಯಲ್ಲಿ ನಿಂತಿದ್ದ ಗೋವಿಂದರಾಜು ಮೆಲ್ಲಗೆ ಬಾಯಿಬಿಟ್ಟ.

"ಎರಡ್ ಕಂಪ್ನೀದೂ ನಮ್ಮಾಫೀಸಲ್ಲಿ ಅವೆ. ನೋಡ್ಕೊಳೋದು ನಾನೇಯ."

ಎರಡೂ ಬೆಂಚು ಅವನ ಕಡೆ ತಿರುಗಿದವು. ಅಲ್ಲಿಯವರೆಗೆ ಗೋವಿಂದರಾಜುವಿಗೆ ಯಾವ ಬೆಂಚಿನಲ್ಲೂ ಜಾಗವಿರಲಿಲ್ಲ. ಅವತ್ತು ಕನಕರಾಜು ತಾನೇ ಹೋಗಿ ವಾಚ್‌ಮನ್ನಿನ ಪ್ಲಾಸ್ಟಿಕ್ ಕುರ್ಚಿ ತಂದು, ಎರಡು ಬೆಂಚುಗಳ ನಡುವೆ ಹಾಕಿ, ಕೂರಿಸಿ, ನೀವೇ ಒಂದು ತೀರ್ಮಾನ ಹೇಳಿಬಿಡಿ ಎಂದು ಮೊದಲ ಸಲ ಬಹುವಚನದಲ್ಲಿ ಕೇಳಿದ. ಗೊತ್ತಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕುರ್ಚಿಯ ಮೇಲೆ ಕುಳಿತು ಗೊತ್ತಿಲ್ಲ ಎಂದವರನ್ನು ನಾನು ಈ ಜಿಲ್ಲೆಯಲ್ಲಂತೂ ನೋಡಿಲ್ಲ. ಸ್ಟಡಿ ಮಾಡಬೇಕು, ಒಂದು ವಾರ ಟೈಮ್ ಕೊಡಿ ಎಂದ ಗೋವಿಂದರಾಜು.

ಸುದ್ದಿ ಅವತ್ತೇ ಗುಬ್ಬಿ ತಲುಪಿತು. ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿ ಅವನ ಅತ್ತೆ ಚಿಕ್ಕಗಂಗಮ್ಮನವರದು ಮುನ್ನೂರು ಮರದ ತೆಂಗಿನ ತೋಟ. ಕೊಬ್ಬರಿ ಮಾಡುವ ಮನೆಗೆ ಅಟ್ಟವೇ ಜೀವ. ಕಾಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ಅಲ್ಲೇ ಒಣಗಲು ಬಿಡಬೇಕು. ಚಿಕ್ಕಗಂಗಮ್ಮನವರ ಅಟ್ಟದ ತೊಲೆಗೆ ಗೆದ್ದಲು ಹತ್ತಿ ಹಿಂದಿನ ಮಳೆಗಾಲದಲ್ಲಿ ಅರ್ಧ ಕುಸಿದಿತ್ತು. ಹೊಸ ಅಟ್ಟಕ್ಕೆಂದು ಅವರು ಮೂರು ಲಕ್ಷ ಕೂಡಿಸಿಟ್ಟಿದ್ದರು. ಮಗ ಶಿವಮೂರ್ತಿಗೆ ಆ ಹಣ ಕಂಡರೆ ಕೈ ತುರಿಕೆ. ಮಳೆಗೆ ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲಿ ಗೆಲ್ಲುವ ಕಂಪನಿಗೆ ಹಾಕಿದರೆ ದುಡ್ಡು ದುಪ್ಪಟ್ಟಾಗಿ ಆರ್.ಸಿ.ಸಿ. ಅಟ್ಟವನ್ನೇ ಕಟ್ಟಬಹುದು ಎಂದು ಅವನ ಲೆಕ್ಕ. ತಾಯಿ ಅವನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಭಾವನೇ ತೀರ್ಮಾನ ಹೇಳುತ್ತಾರಂತೆ ಎಂದ ಮೇಲೆ ಮಾತ್ರ, ಅಳಿಯಂದ್ರು ಹೇಳಿದ್ರೆ ಹಾಕು ಎಂದುಬಿಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಅಳಿಯನ ಮಾತನ್ನು ಒಮ್ಮೆಯೂ ಮೀರಿದವರಲ್ಲ. ಇನ್ನೊಂದು ಮುದ್ದೆ ಬೇಕೇ ಎಂಬುದನ್ನು ಬಿಟ್ಟರೆ ಆ ಇಪ್ಪತ್ತೆರಡು ವರ್ಷಗಳಲ್ಲಿ ಬೇರೇನನ್ನೂ ಕೇಳಿದವರೂ ಅಲ್ಲ.

ನಮ್ಮ ಎರಡು ಮನೆಗಳ ನಡುವೆ ಇರುವುದು ಎದೆಮಟ್ಟದ ಕಾಂಪೌಂಡು. ಗಿಡಕ್ಕೆ ನೀರು ಹಾಕುವಾಗ ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲ. ಗೋವಿಂದರಾಜುವಿನ ಹೆಂಡತಿ ಮಂಜುಳಮ್ಮ ಬಟ್ಟೆ ಹರವುತ್ತಾ ಹೇಳುತ್ತಿದ್ದಳು.

"ಅದು ನಮ್ಮವ್ವನ ಅಟ್ಟ ಕಣ್ರೀ. ಗೊತ್ತಿಲ್ಲ ಅಂತ ಒಂದ್ ಮಾತ್ ಹೇಳ್ಬಿಡಿ."

"ಹೇಳ್ಬೋದಾಗಿತ್ತು," ಎಂದ ಗೋವಿಂದರಾಜು, "ಕುರ್ಚಿ ಹಾಕ್ಬುಟ್ಟವ್ರೆ."

ಸ್ಟಡಿ ಶುರುವಾಯಿತು. ಕಚೇರಿಯ ನೆಟ್ ರಿಪೇರಿಗೆ ಗುತ್ತಿಗೆಯ ಮೇಲೆ ಬರುವ ರವಿಕಿರಣ್ ಎಂಬ ಇಂಜಿನಿಯರನನ್ನು ಹಿಡಿದು, ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ. ರವಿಕಿರಣ್ ಅರ್ಧ ಗಂಟೆ ಹೇಳಿದ. ಗೋವಿಂದರಾಜು ಎರಡು ಹಾಳೆ ಬರೆದುಕೊಂಡ, ಆಮೇಲೆ ಅದನ್ನು ಅವನಿಗೇ ಓದಲಾಗಲಿಲ್ಲ. ಕೊನೆಗೆ ಒಂದೇ ಮಾತಿನಲ್ಲಿ ಹೇಳಪ್ಪ ಎಂದಾಗ, ಎರಡೂ ಪರವಾಗಿಲ್ಲ ಸಾರ್, ಎಲ್ಲಿ ಹಾಕ್ತೀರ ಅನ್ನೋದರ ಮೇಲೆ ಹೋಗುತ್ತೆ ಎಂದು ಅವನು ಬೈಕ್ ಹತ್ತಿದ. ಈ ಉತ್ತರ ಸರಿಯಾಗಿಯೇ ಇತ್ತು. ಆದರೆ ಎರಡೂ ಪರವಾಗಿಲ್ಲ ಎಂದು ಹೇಳಿ ಕುರ್ಚಿ ಉಳಿಸಿಕೊಂಡವರಿಲ್ಲ.

ಕೋಣೆಯ ಮೂಲೆಯಲ್ಲಿ ಕೆಟ್ಟುಹೋದ ಎರಡು ಪೆಟ್ಟಿಗೆಗಳಿದ್ದವು, ತರಂಗಿಣಿಯದೊಂದು, ನವಸೇತುವಿನದೊಂದು. ಗುಜರಿಗೆ ಹಾಕುವ ಪಟ್ಟಿ ಇನ್ನೂ ತಯಾರಾಗಿರಲಿಲ್ಲ. ಶನಿವಾರ ಗೋವಿಂದರಾಜು ಎರಡನ್ನೂ ತರಕಾರಿ ಚೀಲದಲ್ಲಿ ಮನೆಗೆ ತಂದ. ತೂತು ಎಣಿಸಿದ, ಎರಡಕ್ಕೂ ಇಪ್ಪತ್ತನಾಲ್ಕು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ, ವ್ಯತ್ಯಾಸ ಒಂದು ಬದನೆಕಾಯಿಯಷ್ಟೂ ಇರಲಿಲ್ಲ. ಇನ್ನೇನು ಮಾಡುವುದೆಂದು ತಿಳಿಯದೆ ಕೊನೆಗೆ ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಕುಲುಕಿದ.

ಇಲ್ಲಿ ಕೊಬ್ಬರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಟ್ಟದ ಮೇಲಿನ ಕಾಯಿ ಒಣಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಮೊದಲೇ ಒಡೆದರೆ ಕಾಯಿ ಕೆಟ್ಟಿತು, ಮತ್ತೆ ಒಣಗುವುದಿಲ್ಲ. ಅದಕ್ಕೇ ನಮ್ಮ ಕಡೆ ಕುಲುಕಿ ನೋಡುತ್ತಾರೆ. ನೀರು ಗುಳುಗುಳು ಎಂದರೆ ಹಸಿ. ಸದ್ದೇ ಇಲ್ಲದಿದ್ದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆ. ಒಳಗೆ ಗಿಟುಕು, ಅಂದರೆ ಒಣಗಿದ ಇಡೀ ಕೊಬ್ಬರಿಯ ಉಂಡೆ, ಚಿಪ್ಪು ಬಿಟ್ಟು ಗಟಗಟ ಎಂದು ಉರುಳಿದರೆ ಆಯಿತು, ಸಂತೆಯಲ್ಲಿ ಅದಕ್ಕೆ ಎದುರಿಲ್ಲ. ಹಾಲು ಕುಡಿಯುವುದನ್ನು ಬಿಡುವ ಮೊದಲೇ ಈ ಭಾಗದ ಮಕ್ಕಳು ಇದನ್ನು ಕಲಿತಿರುತ್ತಾರೆ.

ತರಂಗಿಣಿ ಕುಲುಕಿದರೆ ಸದ್ದಿಲ್ಲ. ನವಸೇತು ಕುಲುಕಿದರೆ ಗಟಗಟ.

ಸೋಮವಾರ ಬೆಳಿಗ್ಗೆ ಪಾರ್ಕಿನಲ್ಲಿ ಗೋವಿಂದರಾಜು ಕುರ್ಚಿಯ ಮೇಲೆ ಕುಳಿತು, ಎರಡೂ ಪೆಟ್ಟಿಗೆಗಳನ್ನು ಎಲ್ಲರೆದುರು ಕುಲುಕಿ ತೋರಿಸಿದ. ಇದು ವಿಜ್ಞಾನ ಅಲ್ಲ ಎಂದು ಮೇಷ್ಟ್ರು ಮೊದಲು ತಕರಾರು ತೆಗೆದರು. ಹಾಗಾದರೆ ನೀವೇ ನೋಡಿ ಎಂದು ಕನಕರಾಜು ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟ. ಮೇಷ್ಟ್ರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಕುಲುಕಿದರು. ಮೂವತ್ತೈದು ವರ್ಷ ಹೇಳಿಕೊಟ್ಟ ವಿಜ್ಞಾನ ಪಕ್ಕಕ್ಕೆ ಸರಿದು ಅವರ ತಾತನ ಅಟ್ಟ ಮುಂದೆ ಬಂದು ನಿಂತದ್ದು ಅವರ ಮುಖದಲ್ಲೇ ಕಂಡಿತು. ಬಲಿತಿದೆ ಎಂದರು, ಸಣ್ಣ ದನಿಯಲ್ಲಿ. ಆಮೇಲೆ ತರಂಗಿಣಿಯನ್ನು ಕುಲುಕಿ, ಇನ್ನೂ ಅಂಟಿಕೊಂಡಿದೆ ಎಂದು ತಮ್ಮ ಬೆಂಚಿನವರ ಕಡೆ ನೋಡಿದರು. ಹೊಂಗೆ ಮರದ ಬೆಂಚು ಖಾಲಿಯಾಯಿತು. ಆರು ಜನ ಕೂರುವ ನಲ್ಲಿ ಬೆಂಚಿನಲ್ಲಿ ಹನ್ನೊಂದು ಜನ ಕುಳಿತರು. ಕನಕರಾಜು ತನ್ನ ಖರ್ಚಿನಲ್ಲಿ ಎಲ್ಲರಿಗೂ ಕಾಫಿ ತರಿಸಿದ, ಇದು ಬಡಾವಣೆಯ ಚರಿತ್ರೆಯಲ್ಲಿ ಮೊದಲು.

ಕುಣಿಗಲ್ ತಾಲ್ಲೂಕಿನಲ್ಲೂ ಇಂಥದೇ ಒಂದು ಬಳಗವಿತ್ತು. ಅದರ ಹಿರಿಯ ಹುತ್ರಿದುರ್ಗದ ಸಿದ್ದಗಂಗಯ್ಯ. ಅವರು ಫೋನಿನಲ್ಲೇ ಸದ್ದು ಕೇಳಬೇಕೆಂದರು. ಕನಕರಾಜು ಫೋನ್ ಹಿಡಿದ, ಗೋವಿಂದರಾಜು ಕುಲುಕಿದ. ನೆಟ್‌ವರ್ಕ್ ಸರಿಯಿಲ್ಲ, ಕಟ್ ಆಗ್ತದೆ, ಇನ್ನೊಂದ್ ಕಿತ ಕುಲುಕ್ಸಿ ಎಂದು ಆ ಕಡೆಯಿಂದ ಸಿದ್ದಗಂಗಯ್ಯ ಐದು ಸಲ ಹೇಳಿದರು. ಆರನೆಯ ಸಲ ಅವರು ಬೆಟ್ಟದ ಕಡೆ ಹತ್ತು ಹೆಜ್ಜೆ ಏರಿ ನಿಂತು ಕೇಳಿಸಿಕೊಂಡು, ಗಿಟುಕೇಯ ಎಂದು ಒಪ್ಪಿದರು. ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತಿದ್ದ ಹಾಗೆ ಎಲ್ಲರೂ ನವಸೇತು ಕೊಳ್ಳುವುದೆಂದು ತೀರ್ಮಾನವಾಯಿತು.

ಬುಧವಾರ ಚಿಕ್ಕಗಂಗಮ್ಮನವರು ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದರು. ಕೈಯಲ್ಲಿ ಉಪ್ಪಿನಕಾಯಿಯ ಭರಣಿ, ಸೊಂಟದ ಚೀಲದಲ್ಲಿ ಚೆಕ್‌ಬುಕ್. ಚೆಕ್ ಬರೆಯುವ ಮೊದಲು ಅವರದ್ದು ಒಂದೇ ಕೋರಿಕೆ. ಮೂರು ಲಕ್ಷದ ಕಾಯನ್ನು ತಾವೂ ಒಮ್ಮೆ ಕುಲುಕಿ ನೋಡಬೇಕು. ಶಿವಮೂರ್ತಿ ಅದಕ್ಕೂ ಮೊದಲೇ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ. ಗೋವಿಂದರಾಜು ಒಬ್ಬ ಗೌರವಸ್ಥ ಸಾಕ್ಷಿ ಇರಲೆಂದು ಕಾಂಪೌಂಡಿನ ಮೇಲಿಂದ ನನ್ನನ್ನೂ ಕರೆದ.

ಅವರು ನೆಲದ ಮೇಲೆ ಕಾಲು ನೀಡಿ ಕುಳಿತು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಕುಲುಕಿದರು. ಮಗ್ಗುಲು ತಿರುಗಿಸಿ ಇನ್ನೊಮ್ಮೆ ಕುಲುಕಿದರು. ಆಮೇಲೆ ಕಿವಿ ಆನಿಸಿ ಮೆಲ್ಲಗೆ ವಾಲಿಸಿ, ಒಳಗಿನದು ಉರುಳಿ ನಿಲ್ಲುವವರೆಗೆ ಕೇಳಿದರು. ಅಟ್ಟದ ಕೆಳಗೆ ಅರವತ್ತು ವರ್ಷ ಪಳಗಿದ ಕಿವಿ ಅದು.

"ಅಳಿಯಂದ್ರೆ, ಗಿಟುಕಾದ್ರೆ ಒಂದೇ ಆಡ್ಬೇಕು. ಇದ್ರಲ್ಲಿ ಐದವೆ. ಬಿಚ್ಚಿ."

ಬಿಚ್ಚಿದರೆ ವಾರಂಟಿ ಹೋಗುತ್ತದೆ ಅತ್ತೆ ಎಂದ ಗೋವಿಂದರಾಜು. ಸತ್ತಿರೋದಕ್ಕೆ ಯಾತರ ವಾರಂಟಿ ಎಂದರು ಅವರು. ಆಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಮನೆಗೆ ಹೋಗಿ ಸ್ಕ್ರೂಡ್ರೈವರ್ ತಂದೆ.

ಎಂಟು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಒಳಗೆ ಹಸಿರು ಹಲಗೆ ಕಂಡಿತು. ಅದರ ಮೇಲೆಲ್ಲ ಬಿಳಿಯ ಉಪ್ಪು ಪೊರೆಗಟ್ಟಿತ್ತು, ಅಲ್ಲಲ್ಲಿ ಕೆಂಪು ಕಲೆ, ಕೆಲವು ಕಡೆ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ನಡುವೆ ಐದು ಬೀಜ. ಮಂಜುಳಮ್ಮನಿಗೆ ಕಂಡ ತಕ್ಷಣ ಅರ್ಥವಾಗಿರಬೇಕು, ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಚಿಕ್ಕಗಂಗಮ್ಮನವರು ಒಂದು ಬೀಜ ಎತ್ತಿ ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು.

"ನಂದೇಯ. ನೆಲ್ಲಿಕಾಯಿಗೆ ಹುರುದ್ ಮೆಂತ್ಯ ಹಾಕೋಳು ನಾನೊಬ್ಳೇಯ."

ಗೋವಿಂದರಾಜು ಆಗ ಎಲ್ಲವನ್ನೂ ಹೇಳಿದ, ಯಾರ ಮುಖವನ್ನೂ ನೋಡದೆ. ಆ ಕೋಣೆಯಲ್ಲಿ ಊಟ ಮಾಡುವಂತಿಲ್ಲ. ಕಚೇರಿಯ ಮುಖ್ಯಸ್ಥೆ ಭಾನುಪ್ರಿಯಾ ಮೇಡಂ ಹೇಳದೆ ಕೇಳದೆ ಬಾಗಿಲು ತೆರೆಯುವ ಪೈಕಿ. ಬಾಯಲ್ಲಿ ಉಪ್ಪಿನಕಾಯಿಯ ಬೀಜ ಇಟ್ಟುಕೊಂಡು ಅಧಿಕಾರಿಗೆ ಉತ್ತರ ಕೊಡುವುದು ಹೇಗೆ. ಪಕ್ಕದಲ್ಲೇ ನವಸೇತು ಓಡುತ್ತಿತ್ತು, ಅದರ ಫ್ಯಾನಿನ ಕಿಂಡಿಯ ಜಾಲರಿ ಮುರಿದಿತ್ತು. ರಸ ಸಮೇತ ಬೀಜ ಆ ಕಿಂಡಿಗೆ ಹೋಯಿತು. ಮೇಡಂ ಹಾಗೆ ಬಂದದ್ದು ಐದು ಸಲ. ಕಚೇರಿಯ ನೆಟ್ ನಾಲ್ಕು ತಿಂಗಳು ಎದ್ದುಬಿದ್ದು ಓಡಿ, ಜನ ಸಾಲಿನಲ್ಲಿ ನಿಂತು ಬೈದು, ರವಿಕಿರಣ್ ಹನ್ನೆರಡು ಸಲ ಬಂದು ಹೋಗಿ, ಪೆಟ್ಟಿಗೆ ಸತ್ತದ್ದು ಇದರಿಂದ ಎಂದು ಗೋವಿಂದರಾಜುವಿಗೂ ಈಗಲೇ ಹೊಳೆದದ್ದು.

"ಭಾವ," ಎಂದ ಶಿವಮೂರ್ತಿ. ಪೆನ್ನಿನ ಮುಚ್ಚಳ ಹಾಕಿದ.

ಚಿಕ್ಕಗಂಗಮ್ಮನವರು ಚೆಕ್‌ಬುಕ್ಕನ್ನು ಸೊಂಟದ ಚೀಲಕ್ಕೆ ವಾಪಸು ತುರುಕಿ ದಾರ ಎಳೆದರು. ನಾಳೆಯೇ ಬಡಗಿಗೆ ಹೇಳಿಕಳಿಸುತ್ತೇನೆ, ಹಲಸಿನ ತೊಲೆಯೇ ಆಗಲಿ ಎಂದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು ಎಂದು ನನಗೆ ಅನ್ನಿಸಿತು. ಎದ್ದು ಸೀರೆ ಕೊಡವಿಕೊಳ್ಳುತ್ತಾ ಒಂದೇ ಮಾತು ಕೇಳಿದರು.

"ಗೊತ್ತಿಲ್ಲ ಅಂದಿದ್ರೆ ಏನ್ ಹೋಗ್ತಿತ್ತು ಅಳಿಯಂದ್ರೆ?"

"ಕುರ್ಚಿ ಹಾಕ್ಬುಟ್ಟಿದ್ರು ಅತ್ತೆ," ಎಂದ ಗೋವಿಂದರಾಜು. ಪಾಪ ಎನ್ನಿಸಿತು. ಅವನು ಸುಳ್ಳು ಹೇಳಿರಲಿಲ್ಲ.

ಮಾರನೆಯ ದಿನ ಅವನು ಪಾರ್ಕಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ ಅದರ ಪಕ್ಕ ನಿಂತು, ಪೆಟ್ಟಿಗೆ ಬಿಚ್ಚಿ ತೋರಿಸಿ, ಎಲ್ಲವನ್ನೂ ಒಪ್ಪಿಕೊಂಡ. ನನಗೆ ಕಂಪನಿಗಳ ವಿಷಯ ಏನೂ ಗೊತ್ತಿಲ್ಲ, ನನ್ನ ಮಾತು ನಂಬಿ ದುಡ್ಡು ಹಾಕಬೇಡಿ ಎಂದ. ಇಷ್ಟು ಹೇಳಬೇಕಲ್ಲ ಎಂದು ಅವನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ. ಬೆಂಚಿನವರು ಬಹಳ ಹೊತ್ತು ಬೀಜ ನೋಡಿದರು. ಹೊಸದಾಗಿ ಮತಾಂತರವಾದವರ ಭಕ್ತಿ ದೊಡ್ಡದು, ಹಾಗಾಗಿ ಮೊದಲು ಬಾಯಿಬಿಟ್ಟವರು ಮೇಷ್ಟ್ರು.

ಐದು ಬೀಜ, ಉಪ್ಪು, ಖಾರ, ಹುಳಿ, ಇಷ್ಟು ಹೊಟ್ಟೆಯಲ್ಲಿಟ್ಟುಕೊಂಡು ಈ ಪೆಟ್ಟಿಗೆ ಎಷ್ಟು ದಿನ ಓಡಿತು ಎಂದು ಅವರು ಕೇಳಿದರು. ನಾಲ್ಕು ತಿಂಗಳು ಎಂದ ಗೋವಿಂದರಾಜು. ತರಂಗಿಣಿ ಏನು ತಿಂದು ಸತ್ತದ್ದು ಎಂದರು. ಅದು ಏನೂ ತಿಂದಿಲ್ಲ, ಸುಮ್ಮನೆ ಸತ್ತಿದೆ ಎಂದ.

"ಅಲ್ಲಿಗೆ ಮುಗೀತಲ್ಲಯ್ಯ," ಎಂದರು ಮೇಷ್ಟ್ರು.

ಶುಕ್ರವಾರ ಎಲ್ಲರೂ ಮೊದಲು ಅಂದುಕೊಂಡಿದ್ದಕ್ಕಿಂತ ಹೆಚ್ಚಾಗಿ ನವಸೇತು ಕೊಂಡರು. ಹುತ್ರಿದುರ್ಗದ ಸಿದ್ದಗಂಗಯ್ಯನವರಿಗೆ ಬೀಜದ ಫೋಟೋ ಕಳಿಸಲಾಯಿತು. ಅವರ ಕಡೆಯವರೂ ಕೊಂಡರು. ಬೇಡ ಬೇಡ ಎಂದು ಹೇಳುತ್ತಿದ್ದ ಗೋವಿಂದರಾಜುವಿನ ವಿನಯವನ್ನು ಎಲ್ಲರೂ ಹೊಗಳಿದರು.

ಕಚೇರಿಯಲ್ಲಿ ಅವನು ಎರಡೂ ಪೆಟ್ಟಿಗೆಗಳನ್ನು ವಾಪಸು ಇಟ್ಟು, ತಾನಾಗಿಯೇ ಒಂದು ವಿವರಣೆ ಬರೆದುಕೊಟ್ಟ. ಸರ್ಕಾರಿ ಭಾಷೆಯಲ್ಲಿ ಉಪ್ಪಿನಕಾಯಿಗೆ ಏನೆನ್ನಬೇಕೋ ತಿಳಿಯದೆ, ಖಾದ್ಯ ಪದಾರ್ಥದ ಅವಶೇಷ ಎಂದು ಬರೆದಿದ್ದ. ಭಾನುಪ್ರಿಯಾ ಮೇಡಂ ಅದನ್ನು ಎರಡು ಸಲ ಓದಿ, ಹೊಸ ಪೆಟ್ಟಿಗೆಯ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿಯುವುದೋ ಬಿಡುವುದೋ ಎಂದು ಯೋಚಿಸಿ, ಕೊನೆಗೆ ಎಚ್ಚರಿಕೆ ಕೊಟ್ಟು ಬೀಗದಕೈ ಮಾತ್ರ ಕಿತ್ತುಕೊಂಡರು. ಅವತ್ತಿನಿಂದ ಅವನ ಮೊಸರನ್ನ ಹನ್ನೆರಡಕ್ಕೇ ಹುಳಿ ಬರುತ್ತದೆ. ನೆಟ್ ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ.

ಜೂನ್ ಹೊತ್ತಿಗೆ ಒಂದು ದೊಡ್ಡ ಟೆಂಡರ್ ಬಂತು. ತರಂಗಿಣಿಗೆ ಸಿಗುತ್ತದೋ ನವಸೇತುವಿಗೆ ಸಿಗುತ್ತದೋ ಎಂದು ಎಲ್ಲರೂ ಕಾಯುತ್ತಿದ್ದಾಗ, ಹೆಸರೇ ಕೇಳಿರದ ಮೂರನೆಯ ಕಂಪನಿಯೊಂದು ಅದನ್ನು ಹೊಡೆದುಕೊಂಡು ಹೋಯಿತು. ಎರಡೂ ಷೇರುಗಳು ಕೈ ಕೈ ಹಿಡಿದುಕೊಂಡು ಅರ್ಧಕ್ಕೆ ಇಳಿದವು. ತಪ್ಪು ಯಾರದ್ದು ಎಂದು ಪಾರ್ಕಿನಲ್ಲಿ ಮೂರು ದಿನ ವಿಚಾರಣೆ ನಡೆಯಿತು. ಗೋವಿಂದರಾಜು ಬೇಡ ಎಂದಿದ್ದ, ಆದ್ದರಿಂದ ಅವನದ್ದಲ್ಲ. ಮೇಷ್ಟ್ರ ತರ್ಕದಲ್ಲೂ ದೋಷವಿರಲಿಲ್ಲ. ಬಲಿಯುವ ಮೊದಲೇ ಕಾಯಿ ಒಡೆದುಬಿಟ್ಟದ್ದೇ ತಪ್ಪು, ಕುಲುಕಿ ಸುಮ್ಮನಿದ್ದಿದ್ದರೆ ಷೇರು ಏರುತ್ತಿತ್ತು ಎಂದು ಎರಡೂ ಬೆಂಚುಗಳು ಮತ್ತೊಮ್ಮೆ ಒಮ್ಮತಕ್ಕೆ ಬಂದವು. ಒಡೆಯಲು ಆಯುಧ ಕೊಟ್ಟವನು ನಾನು.

ಗುಬ್ಬಿಯಲ್ಲಿ ಮಳೆ ಬೀಳುವ ಹೊತ್ತಿಗೆ ಅಟ್ಟ ಸಿದ್ಧವಾಗಿತ್ತು. ಹೊಸ ಅಟ್ಟಕ್ಕೆ ಮೊದಲ ಕಾಯಿ ಏರಿಸುವ ದಿನ ನನಗೂ ಕರೆ ಬಂದಿತ್ತು. ಪಾರ್ಕಿನಲ್ಲಿ ಸಿಗದ ಮರ್ಯಾದೆ ನನ್ನ ಸ್ಕ್ರೂಡ್ರೈವರ್‌ಗೆ ಅಲ್ಲಿ ಸಿಕ್ಕಿತು, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಹಲಸಿನ ತೊಲೆಯ ಮೇಲೆ ಕಾಯಿಗಳು ಒಂದು ಹನಿಯೂ ಸೋಕದೆ ಕುಳಿತಿದ್ದವು.

ಹಳೆಯ ಅಟ್ಟದಿಂದ ಉಳಿದಿದ್ದ ಒಂದು ಕಾಯನ್ನು ಚಿಕ್ಕಗಂಗಮ್ಮನವರು ಎಲ್ಲರೆದುರು ಅಳಿಯನ ಕೈಗೆ ಕೊಟ್ಟು, ಕುಲುಕಿ ಹೇಳಿ, ಒಣಗಿದ್ಯೋ ಇಲ್ವೋ ಎಂದರು. ನೆಂಟರೆಲ್ಲ ತಿರುಗಿ ನೋಡಿದರು. ಗೋವಿಂದರಾಜು ಕುಲುಕಿದ. ಗಟಗಟ ಸದ್ದು ನನಗೂ ಕೇಳಿಸಿತು. ಅವನು ಇನ್ನೊಮ್ಮೆ ಕುಲುಕಿ, ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ವಾಪಸು ಕೊಟ್ಟ.

"ನಂಗ್ ಗೊತ್ತಿಲ್ಲ ಅತ್ತೆ. ನೀವೇ ನೋಡಿ."

ಚಿಕ್ಕಗಂಗಮ್ಮನವರು ಕಾಯನ್ನು ಕುಲುಕಲೂ ಇಲ್ಲ, ಪಕ್ಕಕ್ಕಿಟ್ಟರು.

"ಶಿವಮೂರ್ತಿ," ಎಂದರು, "ನಿಮ್ಮ ಭಾವಂಗೆ ಒಂದು ಕುರ್ಚಿ ಹಾಕು ಕಣ್ಲಾ."

ಊಟಕ್ಕೆ ಎಲೆ ಹಾಕಿದಾಗ ಮೊದಲು ಅವನಿಗೇ ಬಡಿಸಿದರು. ಉಪ್ಪಿನಕಾಯಿ ಬಂತು, ನೆಲ್ಲಿಕಾಯಿಯದು. ಗೋವಿಂದರಾಜು ಒಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಹೊರಳಿಸಿದ. ಆಮೇಲೆ ಅತ್ತೆಯ ಕಡೆ ನೋಡಿದ. ಅವರು ಮುಂದಿನ ಎಲೆಗೆ ಬಡಿಸುತ್ತಿದ್ದರು. ಬೀಜ ತೆಗೆದೇ ಹಾಕಿದ್ದರು.